ಆಗಿಹೋದ ಮಳೆ ‘ವರ್ತಮಾನ’ ಹೇಗಾಯಿತು?

ಮಾನ್ಯರೇ,

ತಾತನವರ ಟ್ರಂಕಿನ ತಳಕ್ಕೆ ಹಾಸಿದ್ದ ಹಳೆಯ ಪತ್ರಿಕೆಯ ಹಾಳೆಯಲ್ಲಿ ‘ತಂತಿ ವರ್ತಮಾನ’ ಎಂಬ ತಲೆಬರಹದಡಿ, ಮಳೆಯಾದ ವರ್ತಮಾನ ಬಂದಿರುವುದಾಗಿ ಓದಿದಿರಂತೆ. ‘ಮೂವತ್ತು ವರ್ಷ ಮಕ್ಕಳಿಗೆ ವ್ಯಾಕರಣ ಹೇಳಿಕೊಟ್ಟವನು ನಾನು. ಆಗಿಹೋದ ಮಳೆ ಭೂತಕಾಲ. ಅದು ವರ್ತಮಾನ ಹೇಗಾಯಿತು? ಅಚ್ಚಿನ ದೋಷವೇ?’ ಎಂದು ಕೇಳಿದ್ದೀರಿ.

ದೋಷವಲ್ಲ, ಮೇಷ್ಟ್ರೇ. ನಮ್ಮ ಕಸುಬಿನವರ ತಪ್ಪುಗಳ ಪಟ್ಟಿ ಮೊದಲೇ ಉದ್ದವಿದೆ. ಇದೊಂದನ್ನು ಅದಕ್ಕೆ ಸೇರಿಸಬೇಡಿ.

ಆ ಕಾಲದ ಪತ್ರಿಕೆಗಳಲ್ಲಿ ವರ್ತಮಾನ ಎಂದರೆ ಸುದ್ದಿ. 1843ರ ಜುಲೈ 1ರಂದು ಜರ್ಮನ್ ಪಾದ್ರಿ ಹರ್ಮನ್ ಮೋಗ್ಲಿಂಗ್ ಕಲ್ಲಚ್ಚಿನಲ್ಲಿ ಹೊರಡಿಸಿದ ‘ಮಂಗಳೂರ ಸಮಾಚಾರ’ವನ್ನೇ ನೋಡಿ. ಹೆಸರಿನಲ್ಲಿ ಸಮಾಚಾರ, ಒಳಗೆ ‘ಊರ ವರ್ತಮಾನ’, ‘ಸರ್ವರಾಜ್ಯ ವರ್ತಮಾನ’. ಅವುಗಳ ಜೊತೆಗೆ ‘ನೂತನವಾದ ಆಶ್ಚರ್ಯ ಸುದ್ದಿಗಳು’ ಎಂಬ ಅಂಕಣ ಬೇರೆ. ಇದನ್ನು ಕಂಡು ನಾನೊಂದು ಸಿದ್ಧಾಂತ ಕಟ್ಟಿದ್ದೆ: ಪೇಟ ಸುತ್ತಿದ ಗಂಭೀರ ಸಂಗತಿ ವರ್ತಮಾನ, ಬಾಯಿ ಬಿಟ್ಟು ಕೇಳುವಂಥದ್ದು ಸುದ್ದಿ. ಆದರೆ ಮುಂದೆ ಅದೇ ಮಂಗಳೂರಿನಲ್ಲಿ ನಿಘಂಟಿನ ಕಿಟ್ಟೆಲರು ನಡೆಸಿದ ಪತ್ರಿಕೆಯ ಹೆಸರು ‘ವಿಚಿತ್ರ ವರ್ತಮಾನ ಸಂಗ್ರಹ’! ನನ್ನ ಸಿದ್ಧಾಂತ ಅಲ್ಲಿಗೆ ಮಗುಚಿತು.

ಮೋಗ್ಲಿಂಗರದು ಹದಿನೈದು ದಿನಕ್ಕೊಮ್ಮೆ ಬರುತ್ತಿದ್ದ ಪತ್ರಿಕೆ. ಕಡಲಾಚೆಯ ಸಂಗತಿ ಹಡಗಿನಲ್ಲಿ ಬಂದು, ಕನ್ನಡವಾಗಿ, ಕಲ್ಲಿನ ಮೇಲೆ ಮೂಡುವ ಹೊತ್ತಿಗೆ ಎಷ್ಟು ಹಳಸಿರುತ್ತಿತ್ತೋ ಲೆಕ್ಕ ಹಾಕಿ. ಆದರೂ ಅದು ವರ್ತಮಾನವೇ. ಸಂಗತಿ ನಡೆದ ದಿನ ಯಾರಿಗೆ ಬೇಕಿತ್ತು? ಓದುಗನ ಕಿವಿಗೆ ಬಿದ್ದ ದಿನ ಅದು ಹೊಸದು.

ಈ ಬಳಕೆ ನಮ್ಮೊಬ್ಬರದೇ ಅಲ್ಲ. 1842ರಲ್ಲಿ ಮದರಾಸಿನಿಂದ ಹೊರಟ ತೆಲುಗು ಪತ್ರಿಕೆ ‘ವರ್ತಮಾನ ತರಂಗಿಣಿ’; 1855ರಲ್ಲಿ ಶುರುವಾದ ತಮಿಳಿನದು ‘ದಿನವರ್ತಮಾನಿ’. ಮರಾಠಿಗರು ಇವತ್ತಿಗೂ ಪತ್ರಿಕೆಯನ್ನು ‘ವರ್ತಮಾನಪತ್ರ’ ಎನ್ನುತ್ತಾರೆ. ಮಲಯಾಳಿಗಳಿಗಂತೂ ವರ್ತಮಾನವೆಂದರೆ ಮಾತುಕತೆ.

ಹಾಗೆಂದು ನಿಮ್ಮ ಆಕ್ಷೇಪದಲ್ಲಿ ಹುರುಳಿಲ್ಲವೆಂದಲ್ಲ. ಸಂಸ್ಕೃತದ ‘ವೃತ್’ ಧಾತುವಿನಿಂದ ನಡೆಯುತ್ತಿರುವುದು ‘ವರ್ತಮಾನ’, ನಡೆದುಹೋದದ್ದು ‘ವೃತ್ತ’. ಆ ಲೆಕ್ಕದಲ್ಲಿ ನಿಮ್ಮ ಮಳೆ ವೃತ್ತವೇ. 1859ರ ‘ಮೈಸೂರು ವೃತ್ತಾಂತ ಬೋಧಿನಿ’ಯವರು ಹೆಸರಿಡುವಾಗ ನಿಮ್ಮ ಪಕ್ಷದಲ್ಲಿದ್ದರೆಂದು ಬೇಕಾದರೆ ಹೇಳಿಕೊಳ್ಳಿ. ‘ವಾರ್ತೆ’ಯೂ ಅದೇ ಮನೆತನದ ಕೂಸು. ಒಟ್ಟಿನಲ್ಲಿ ಒಂದೇ ಧಾತುವಿನ ಮಕ್ಕಳು ಪಾಲಿಗಾಗಿ ಕಿತ್ತಾಡಿ, ಆಕಾಶವಾಣಿಯ ಕಾಲಕ್ಕೆ ವಾರ್ತೆ ಗೆದ್ದಿತು. ವರ್ತಮಾನ ಹೆಚ್ಚುಕಡಿಮೆ ವ್ಯಾಕರಣ ಪುಸ್ತಕಕ್ಕೂ ವೈಚಾರಿಕ ಲೇಖನಗಳಿಗೂ ಸೀಮಿತವಾಯಿತು. (ಸುದ್ದಿಯ ಕಥೆಯೇ ಬೇರೆ. ಅದು ‘ಶುದ್ಧಿ’ಯ ತದ್ಭವ. ಸುದ್ದಿಮನೆಯಲ್ಲಿ ಕೂತು ಇದನ್ನು ಬರೆಯುವಾಗ ನಗು ತಡೆಯುವುದು ಕಷ್ಟ.)

ಇನ್ನೊಂದು ಮಾತು. ಇವತ್ತಿನ ಪತ್ರಿಕೆಗಳಲ್ಲಿ ‘ರಾಜಕೀಯ ವಿದ್ಯಮಾನ’ ಎಂಬ ತಲೆಬರಹ ಓದಿರುತ್ತೀರಿ. ವಿದ್ಯಮಾನ ಎಂದರೆ ‘ಇರುವಂಥದ್ದು’. ವರ್ತಮಾನದಂಥದ್ದೇ ರೂಪ, ಅದೇ ‘ಮಾನ’ ಪ್ರತ್ಯಯ. ನಾವೋ ನಿನ್ನೆ ಮುಗಿದುಹೋದ ಸಭೆ, ರಾಜೀನಾಮೆ, ಜಗಳಗಳನ್ನೆಲ್ಲ ಆ ಮಾತಿನೊಳಗೆ ತುಂಬುತ್ತೇವೆ. ಅದರ ಬಗ್ಗೆ ಈವರೆಗೆ ನಿಮ್ಮಿಂದ ಒಂದು ಕಾಗದವೂ ಬಂದಿಲ್ಲ.

ಆ ಹಾಳೆಯನ್ನು ಮತ್ತೆ ಟ್ರಂಕಿಗೆ ಹಾಸಬೇಡಿ. ಮಡಿಕೆಯಲ್ಲಿ ಹರಿಯುವ ಮುನ್ನ ಮೊಬೈಲಿನಲ್ಲಿ ಒಂದು ಚಿತ್ರ ತೆಗೆದು ಕಳುಹಿಸಿ. ಮಳೆ ಎಲ್ಲಿ ಆಯಿತೆಂದು ನೀವು ಬರೆದೇ ಇಲ್ಲ.

– ಸಂ.