ಕಾಗೆ ಕಾಲು, ಗುಬ್ಬಿ ಕಾಲು: ಎರಡು ಪುಟ ಕಾಪಿ ಇದಕ್ಕೆ ಮದ್ದಲ್ಲ

ಪ್ರಶ್ನೆ: ಮಗನಿಗೆ 13 ವರ್ಷ, ಎಂಟನೇ ಕ್ಲಾಸು. ಬಾಯಲ್ಲಿ ಕೇಳಿದರೆ ಪಾಠ ಪೂರ್ತಿ ಹೇಳುತ್ತಾನೆ. ಬರೆಯಲು ಕೂತರೆ ಕಾಗೆ ಕಾಲು ಗುಬ್ಬಿ ಕಾಲು, ತಾನು ಬರೆದದ್ದು ತನಗೇ ಓದಲು ಬರುವುದಿಲ್ಲ. ಅರ್ಧ ಪುಟಕ್ಕೆ ಕೈ ನೋವು ಎಂದು ಪೆನ್ನು ಇಡುತ್ತಾನೆ. ಪರೀಕ್ಷೆಯಲ್ಲಿ ಕೊನೆಯ ಪ್ರಶ್ನೆಗಳು ಖಾಲಿ. ದಿನಾ ಎರಡು ಪುಟ ಕಾಪಿ ಬರೆಸಿ ಎಂದು ಮೇಷ್ಟ್ರು ಹೇಳಿದರು. ಮೂರು ತಿಂಗಳಾಯಿತು, ಅಕ್ಷರ ಇನ್ನಷ್ಟು ಕೆಟ್ಟಿದೆ. ತಿದ್ದುವ ವಯಸ್ಸು ಮೀರಿತೇ?
– ಒಬ್ಬ ತಾಯಿ, ಸಕಲೇಶಪುರ

ಉತ್ತರ: ಮೀರಿಲ್ಲ ತಾಯಿ. ಆದರೆ ಕಾಪಿ ಇವತ್ತೇ ನಿಲ್ಲಿಸಿ. ಎರಡು ಪುಟದಲ್ಲಿ ಮೊದಲ ಹತ್ತು ಸಾಲು ಮಾತ್ರ ಅಭ್ಯಾಸ. ಮಿಕ್ಕಿದ್ದೆಲ್ಲ ಸೋತ ಕೈಯಲ್ಲಿ, ಮುಗಿದರೆ ಸಾಕೆಂಬ ಆತುರದಲ್ಲಿ ಗೀಚಿದ್ದು. ದಿನಕ್ಕೆ ಒಂದೂವರೆ ಪುಟ ಕೆಟ್ಟ ಅಕ್ಷರವನ್ನೇ ಕೈ ರೂಢಿ ಮಾಡಿಕೊಂಡಿದೆ. ಇದರಲ್ಲಿ ಹುಡುಗನ ಸೋಮಾರಿತನವೇನೂ ಇಲ್ಲ.

ಮೊದಲು ಎಲ್ಲಿ ಕೆಡುತ್ತಿದೆ ಎಂದು ನೋಡಿ. ಒಂದು ಭಾನುವಾರ ಬೆಳಿಗ್ಗೆ, ನಡುನಡುವೆ ಹತ್ತು ನಿಮಿಷ ಬಿಡುವು ಕೊಟ್ಟು, ಮೂರು ಸಲ ಬರೆಸಿ. ಪುಸ್ತಕ ನೋಡಿಕೊಂಡು ನಿಧಾನವಾಗಿ ಐದು ಸಾಲು. ಅದೇ ಐದು ಸಾಲು, ಆದಷ್ಟು ಬೇಗ. ಆಮೇಲೆ ಐದು ಸಾಲು ಉಕ್ತಲೇಖನ. ನಿಧಾನವಾಗಿ ಬರೆದಾಗಲೂ ಗುರುತು ಸಿಗದಿದ್ದರೆ ಅಕ್ಷರದ ಆಕಾರವೇ ಕೈಗೆ ಕೂತಿಲ್ಲ. ನಿಧಾನವಾಗಿ ಬರೆದದ್ದು ಚೆನ್ನಾಗಿದ್ದು ಬೇಗ ಬರೆದದ್ದು ಕೆಟ್ಟರೆ ಆಕಾರ ಗೊತ್ತಿದೆ, ರೂಢಿ ಸಾಲದು. ಉಕ್ತಲೇಖನ ಒಂದೇ ಕೆಟ್ಟರೆ ತೊಂದರೆ ಇರುವುದು ಕಾಗುಣಿತ, ಒತ್ತಕ್ಷರದಲ್ಲಿ. ಅದು ಕೈಬರಹದ ರೋಗವೇ ಅಲ್ಲ.

ಕೈ ನೋವಿಗೆ ಬರೋಣ. ಅವನು ಬರೆದ ಹಾಳೆಯನ್ನು ತಿರುವಿ ಹಿಂಬದಿಯ ಮೇಲೆ ಬೆರಳಾಡಿಸಿ. ಗೆರೆಗಳು ಉಬ್ಬಿ ಬೆರಳಿಗೆ ತಾಕಿದರೆ ಪೆನ್ನನ್ನು ವಿಪರೀತ ಒತ್ತುತ್ತಿದ್ದಾನೆ ಎಂದೇ ಅರ್ಥ. ಬಾಲ್ ಪೆನ್ನಿಗೆ ಒತ್ತಡ ಬೇಕು, ಜೆಲ್ ಪೆನ್ನಿಗೆ ಕಾಗದ ಮುಟ್ಟಿದರೆ ಸಾಕು. 0.7 ಮಿ.ಮೀ. ಮೊನೆಯ ಜೆಲ್ ಪೆನ್ನು ಕೊಟ್ಟು ನೋಡಿ. (ನಿಮ್ಮ ಕಡೆ ಮಳೆಗಾಲದಲ್ಲಿ ನೋಟ್‌ಬುಕ್ಕೇ ತೇವ ಹೀರಿಕೊಂಡಿರುತ್ತದೆ. ಜೆಲ್ ಇಂಕು ಹರಡಿ ಸೊನ್ನೆಯೂ ಒತ್ತೂ ಮುಚ್ಚಿಹೋಗುತ್ತವೆ. ಆ ತಿಂಗಳುಗಳಿಗೆ 0.5 ಇರಲಿ, ಪುಸ್ತಕ ಪ್ಲಾಸ್ಟಿಕ್ ಕವರಿನೊಳಗೆ ಇರಲಿ.) ಒತ್ತುವ ಚಾಳಿ ಬಿಡಿಸಲು ಎರಡು ಹಾಳೆಗಳ ನಡುವೆ ಕಾರ್ಬನ್ ಹಾಳೆ ಇಟ್ಟು, ಕೆಳಗಿನ ಹಾಳೆಯ ಮೇಲೆ ಅಚ್ಚು ಮೂಡದ ಹಾಗೆ ನಾಲ್ಕು ಸಾಲು ಬರೆಯಲು ಹೇಳಿ. ಮೊದಲ ದಿನ ಆಗುವುದಿಲ್ಲ. ಒಂದು ವಾರದಲ್ಲಿ ತಾನೆಷ್ಟು ಒತ್ತುತ್ತಿದ್ದೆ ಎಂಬುದು ಅವನಿಗೇ ತಿಳಿಯುತ್ತದೆ. 'ಹಗುರಾಗಿ ಬರಿ' ಎಂದು ನೂರು ಸಲ ಹೇಳುವುದಕ್ಕಿಂತ ಇದು ವಾಸಿ.

ಪೆನ್ನು ಹಿಡಿಯುವ ರೀತಿ ವಿಚಿತ್ರವಾಗಿದ್ದರೂ ನೋವಿಲ್ಲದಿದ್ದರೆ ಅದರ ತಂಟೆಗೆ ಹೋಗಬೇಡಿ. ಈ ವಯಸ್ಸಿಗೆ ಹಿಡಿತ ಬದಲಿಸುವುದು ಕಷ್ಟ, ಬದಲಿಸಿದರೆ ಲಾಭವೂ ಕಡಿಮೆ. ನೋವಿದ್ದು, ಹೆಬ್ಬೆರಳು ಪೆನ್ನನ್ನು ಸುತ್ತಿ ತೋರುಬೆರಳಿನ ಮೇಲೆ ಕೂತಿದ್ದರೆ ಮಾತ್ರ ತಿದ್ದಬೇಕು. ಮೊನೆಯಿಂದ ಎರಡೂವರೆ ಸೆಂ.ಮೀ. ಮೇಲೆ ರಬ್ಬರ್ ಬ್ಯಾಂಡ್ ಸುತ್ತಿ, ಬೆರಳು ಅದರಿಂದ ಕೆಳಗಿಳಿಯದಿರಲಿ. ಅದೂ ಒಗ್ಗದಿದ್ದರೆ ಪೆನ್ನು ತೋರುಬೆರಳು, ನಡುಬೆರಳುಗಳ ಸಂದಿಯಿಂದ ಹೊರಬರುವ ಹಾಗೆ ಹಿಡಿಸಿ. ನೋಡಲು ವಿಲಕ್ಷಣ, ಆದರೆ ಹೆಬ್ಬೆರಳಿಗೆ ಹಿಂಡುವ ಕೆಲಸವೇ ಉಳಿಯುವುದಿಲ್ಲ.

ಮಂಚದ ಮೇಲೆ ಬೋರಲು ಮಲಗಿ ಬರೆಯುವುದು ಬೇಡ. ಕುರ್ಚಿಯಾದರೆ ಪಾದ ನೆಲಕ್ಕೂ ಮೊಣಕೈ ಮೇಜಿಗೂ ತಾಕಬೇಕು. ನೆಲದ ಮೇಲಾದರೆ ಗಿಡ್ಡ ಡೆಸ್ಕು ಇರಲಿ. ಎರಡರಲ್ಲೂ ಪರೀಕ್ಷೆಯ ರಟ್ಟಿನ ಆಚೆ ಅಂಚಿನಡಿ ಹತ್ತು ಸೆಂ.ಮೀ. ಎತ್ತರಕ್ಕೆ ಪುಸ್ತಕ ಕೊಟ್ಟು ಇಳಿಜಾರು ಮಾಡಿ. ಮಣಿಕಟ್ಟು ಮಡಚುವುದು ತಪ್ಪುತ್ತದೆ, ಕತ್ತೂ ಬಗ್ಗುವುದಿಲ್ಲ.

ಇನ್ನು ಅಕ್ಷರ. ನಲಿ-ಕಲಿ ಮಕ್ಕಳ ಹಾಗೆ 'ರ ಗ ಸ ದ ಅ' ಎಂದು ಶುರು ಮಾಡಿದರೆ ಹದಿಮೂರರ ಹುಡುಗ ಪುಸ್ತಕ ಬಿಸಾಡುತ್ತಾನೆ, ಬಿಸಾಡಲೇಬೇಕು. ಅವನದೇ ಹಳೆಯ ಪುಟವೊಂದನ್ನು ಕೊಟ್ಟು, ತನಗೆ ಓದಲು ಬಾರದ ಅಕ್ಷರಗಳಿಗೆ ತಾನೇ ಸುತ್ತು ಹಾಕಲಿ. ಸಾಮಾನ್ಯವಾಗಿ ಐದಾರು ಅಕ್ಷರಗಳೇ ಇಡೀ ಪುಟವನ್ನು ಕೆಡಿಸಿರುತ್ತವೆ. ಉದಾಹರಣೆಗೆ 'ಮ' ಮತ್ತು 'ವು'. 'ಮ'ದ ಬಾಲ ಗೆರೆಯ ಮೇಲೇ ನಿಂತು ಮೇಲಕ್ಕೆ ಏಳಬೇಕು. 'ವು'ವಿನ ಕೊಂಬು ಗೆರೆಯಿಂದ ಕೆಳಗಿಳಿದು ಆಮೇಲೆ ಏಳಬೇಕು. 'ಪು'ವಿಗೂ ಹಾಗೇ. ಅಚ್ಚಿನಲ್ಲಿ ಈ ಕೊಂಬನ್ನು ಕೆಳಗೆ ಜೋಡಿಸುವುದೇ ಗೊಂದಲ ತಪ್ಪಿಸಲು. ಬೇಗ ಬರೆಯುವ ಮಕ್ಕಳು ಎರಡನ್ನೂ ಒಂದೇ ಎತ್ತರದಲ್ಲಿ ಎಳೆಯುತ್ತಾರೆ, 'ಹೂವು' ಹೋಗಿ 'ಹೂಮ' ಆಗುತ್ತದೆ. 'ಧ'ದ ಸೀಳು, 'ಷ'ದ ಹೊಟ್ಟೆಯ ಗೆರೆ ಬಿಟ್ಟುಹೋಗುವುದು ಇನ್ನೊಂದು. ತಲೆಕಟ್ಟು ಅಕ್ಷರಕ್ಕೆ ತಾಗದೆ ತೇಲುವುದು ಮತ್ತೊಂದು.

ಕನ್ನಡಕ್ಕೆ ಇಂಗ್ಲಿಷಿಗಿಲ್ಲದ ತೊಡಕೊಂದಿದೆ. ಒತ್ತಕ್ಷರ ಗೆರೆಯ ಕೆಳಗೆ ಕೂರುತ್ತದೆ. ಎರಡು ಗೆರೆಗಳ ನಡುವೆ ಸುಮಾರು 8 ಮಿ.ಮೀ. ಇರುವ ನೋಟ್‌ಬುಕ್ಕಿನಲ್ಲಿ ಅಕ್ಷರವೇ 6 ಮಿ.ಮೀ. ತಿಂದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ಢಿಕ್ಕಿ ಹೊಡೆಯುತ್ತದೆ. ಅಕ್ಷರ 4 ಮಿ.ಮೀ. ಮೀರಬಾರದು. ಅಷ್ಟು ಸಣ್ಣದು ಕೈಗೆ ಬರುವವರೆಗೆ ಒಂದು ಗೆರೆ ಬಿಟ್ಟು ಒಂದರಲ್ಲಿ ಬರೆಯಲಿ. ಚಿಕ್ಕ ಮಕ್ಕಳ ಎರಡು ಗೆರೆ ಪುಸ್ತಕ ತರಬೇಡಿ, ಗೆಳೆಯರ ಮುಂದೆ ಮಾನ ಹೋಗುತ್ತದೆ.

ಅಭ್ಯಾಸ ದಿನಕ್ಕೆ 12 ನಿಮಿಷ, ವಾರಕ್ಕೆ ಐದು ದಿನ. ಅಷ್ಟೇ. ವಾರಕ್ಕೆ ಎರಡೇ ಅಕ್ಷರ. ಮೂರು ನಿಮಿಷ ಬಿಡಿ ಅಕ್ಷರ, ನಾಲ್ಕು ನಿಮಿಷ ಆ ಅಕ್ಷರವಿರುವ ಪದ, ಉಳಿದ ಐದು ನಿಮಿಷ ಅವನ ಸ್ವಂತ ವಾಕ್ಯ: ಕ್ರಿಕೆಟ್ ಆಗಲಿ, ಸಿನಿಮಾ ಆಗಲಿ. ಸಾಲಿನಲ್ಲಿ ಚೆನ್ನಾಗಿ ಬಂದ ಒಂದು ಅಕ್ಷರವನ್ನು ಅವನೇ ಗುರುತಿಸಲಿ, ನೀವು ಕೆಂಪು ಪೆನ್ನು ಹಿಡಿಯಬೇಡಿ. ಶನಿವಾರ ಗಡಿಯಾರ ಇಟ್ಟು ಒಂದು ನಿಮಿಷ ಒಂದೇ ವಾಕ್ಯ: 'ಹೂಮಳೆ ಬಿದ್ದ ಮೇಲೆ ಕಾಫಿ ಹೂವು ಬಿಡುವುದು.' 'ಮ', 'ವು', ಒತ್ತು, ಗುಡಿಸು ಎಲ್ಲ ಇದರಲ್ಲಿವೆ. ಓದಲು ಬರುವ ಅಕ್ಷರ ಮಾತ್ರ ಎಣಿಸಿ ಬರೆದಿಡಿ. ಮೊದಲ ಎರಡು ವಾರ ವೇಗ ಇಳಿಯುತ್ತದೆ, ಹೆದರಬೇಡಿ. ಇಲ್ಲೇ ಎಲ್ಲರೂ ಬಿಟ್ಟುಬಿಡುವುದು. ಎಂಟು ವಾರ ನಡೆಸಿ.

ಇಂಗ್ಲಿಷಿಗೆ ಕರ್ಸಿವ್ ಬೇಡ, ಬಿಡಿ ಅಕ್ಷರ ಸಾಕು.

ಪ್ರಶ್ನೆ: ಆರನೇ ಕ್ಲಾಸಿನ ಮಗಳದು ಎಡಗೈ. ಬರೆದದ್ದೆಲ್ಲ ಕೈಗೆ ಒರಸಿಹೋಗುತ್ತದೆ. ಬಲಗೈಗೆ ಬದಲಿಸಿ ಎನ್ನುತ್ತಾರೆ ನಮ್ಮ ಅತ್ತೆ.
– ಓದುಗರು, ಕಡೂರು

ಉತ್ತರ: ಬದಲಿಸಬೇಡಿ. ಅತ್ತೆಯವರಿಗೆ ನಯವಾಗಿ ಹೇಳಿ. ಪುಸ್ತಕವನ್ನು ಎದೆಯ ಮಧ್ಯಕ್ಕಿಂತ ಎಡಕ್ಕೆ ಸರಿಸಿ, ಅದರ ಮೇಲಂಚು ಬಲಕ್ಕೆ ವಾಲುವಂತೆ 30ರಿಂದ 40 ಡಿಗ್ರಿ ತಿರುಗಿಸಲಿ. ಆಗ ಕೈ ಸಾಲಿನ ಕೆಳಗೆ ಸಾಗುತ್ತದೆ, ಬರೆದದ್ದರ ಮೇಲೆ ಉಜ್ಜುವುದಿಲ್ಲ. ನೇರ ಇಟ್ಟರೆ ಮಣಿಕಟ್ಟನ್ನು ಕೊಕ್ಕೆಯ ಹಾಗೆ ಬಗ್ಗಿಸಿ ಮೇಲಿನಿಂದ ಬರೆಯುತ್ತಾಳೆ, ನೋವೂ ಅಲ್ಲಿಂದಲೇ. ಪೆನ್ನನ್ನು ಮೊನೆಯಿಂದ ಮೂರು ಸೆಂ.ಮೀ. ಮೇಲೆ ಹಿಡಿಯಲಿ. ಇವಳಿಗೆ ಜೆಲ್ ಬೇಡ, ಬೇಗ ಒಣಗುವ ಬಾಲ್ ಪೆನ್ನೇ ಸರಿ. ಬೆಂಚಿನ ಎಡ ತುದಿಯಲ್ಲಿ ಕೂರಿಸಲು ಟೀಚರಿಗೆ ಹೇಳಿ, ಪಕ್ಕದವರ ಮೊಣಕೈ ತಾಗುವುದಿಲ್ಲ.

ಪ್ರಶ್ನೆ: ಒಂಬತ್ತನೇ ತರಗತಿಯ ಮಗ ಎಷ್ಟು ಅಭ್ಯಾಸ ಮಾಡಿದರೂ ಬರವಣಿಗೆ ಹತ್ತುತ್ತಿಲ್ಲ. ಎಸ್ಸೆಸ್ಸೆಲ್ಸಿಗೆ ಏನು ಮಾಡುವುದು?
– ಓದುಗರು, ಹಾಸನ

ಉತ್ತರ: ಇದು ಡಿಸ್‌ಗ್ರಾಫಿಯಾ ಎಂಬ, ಬರವಣಿಗೆಗೆ ಸಂಬಂಧಿಸಿದ ನಿರ್ದಿಷ್ಟ ಕಲಿಕಾ ನ್ಯೂನತೆ ಇರಬಹುದು, 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಅದಕ್ಕೆ ಮಾನ್ಯತೆ ಇದೆ. ಜಿಲ್ಲಾ ಆಸ್ಪತ್ರೆಯ ಮಕ್ಕಳ ವಿಭಾಗದಲ್ಲಿ ಮೊದಲು ಕಣ್ಣು, ನರಗಳ ತೊಂದರೆ ಇಲ್ಲವೆಂದು ಖಚಿತಪಡಿಸಿಕೊಳ್ಳಿ. ಕಲಿಕಾ ನ್ಯೂನತೆಯ ಪರೀಕ್ಷೆಗೆ ಮೈಸೂರಿನ ವಾಕ್ ಶ್ರವಣ ಸಂಸ್ಥೆ, ಬೆಂಗಳೂರಿನ ನಿಮ್ಹಾನ್ಸ್ ಇವೆ. ಹೋಗುವಾಗ ಎರಡು ವರ್ಷದ ನೋಟ್‌ಬುಕ್, ಉತ್ತರಪತ್ರಿಕೆ, ಅಂಕಪಟ್ಟಿ ಒಯ್ಯಿರಿ. ಹೆಚ್ಚುವರಿ ಸಮಯ, ಲಿಪಿಕಾರ (ಮಗ ಹೇಳಿದ್ದನ್ನು ಬರೆದುಕೊಡುವವರು) ಮುಂತಾದ ರಿಯಾಯಿತಿಗೆ ಪ್ರಮಾಣಪತ್ರದೊಡನೆ ಮುಖ್ಯೋಪಾಧ್ಯಾಯರ ಮೂಲಕವೇ ಅರ್ಜಿ ಹೋಗಬೇಕು. ಹತ್ತನೇ ತರಗತಿಯ ನೋಂದಣಿಯವರೆಗೆ ಕಾಯದೆ ಈಗಲೇ ಹೊರಡಿ.

ಲಿಪಿಕಾರ ಸಿಕ್ಕರೆ ಕೆಲಸ ಮುಗಿಯಿತು ಅಂದುಕೊಳ್ಳುತ್ತಾರೆ. ಹೇಳಿ ಬರೆಸುವುದೂ ಒಂದು ವಿದ್ಯೆ. ಪ್ರಶ್ನೆಯ ಸಂಖ್ಯೆ, ಎಲ್ಲಿ ಪೂರ್ಣವಿರಾಮ, ಎಲ್ಲಿ ಹೊಸ ಪ್ಯಾರಾ ಎಂದು ಬಾಯಿಬಿಟ್ಟು ಹೇಳಬೇಕು, ಗಣಿತದಲ್ಲಿ ಹಂತ ಹಂತವಾಗಿ. ವಾರಕ್ಕೊಂದು ಉತ್ತರ ಹೀಗೆ ಹೇಳಲಿ, ಮನೆಯಲ್ಲೊಬ್ಬರು ಅವನು ಹೇಳಿದಷ್ಟನ್ನೇ, ಒಂದಕ್ಷರವೂ ಸೇರಿಸದೆ, ಬರೆಯಿರಿ.