ಡೆನ್ವರ್‌ಗೆ ಹೊರಟವರ ಪ್ರಶ್ನೆಗಳು: ಸ್ವೆಟರ್, ಬೇಳೆ, ಆಲಿಕಲ್ಲು

(ಅಮೆರಿಕದ ಕೊಲೊರಾಡೋ ರಾಜ್ಯದ ಡೆನ್ವರ್ ಪಕ್ಕದ ಅರೋರಾದಲ್ಲಿ ನೆಲೆಸಿರುವ ನಮ್ಮ ಅಂಕಣಗಾರ್ತಿ ಈ ಸಲ ಅಲ್ಲಿನ ಹವೆಯ ಬಗ್ಗೆ ಬಂದ ಪತ್ರಗಳಿಗೆ ಉತ್ತರಿಸಿದ್ದಾರೆ.)

ಪ್ರಶ್ನೆ: ಮಗಳ ಬಾಣಂತನಕ್ಕೆ ನಾನೂ ಯಜಮಾನರೂ ಮಾರ್ಚ್ ಮೊದಲ ವಾರ ಡೆನ್ವರ್‌ಗೆ ಬರುತ್ತಿದ್ದೇವೆ. ಸೆಪ್ಟೆಂಬರ್ ತನಕ ಇರುತ್ತೇವೆ. ಅಷ್ಟರಲ್ಲಿ ಚಳಿಗಾಲ ಮುಗಿದಿರುತ್ತದಲ್ಲವೇ? ತಲಾ ಒಂದು ಸ್ವೆಟರ್, ಒಂದು ಶಾಲು ಸಾಕೇ?
– ಓದುಗರು, ಹಿರಿಯೂರು

ಉತ್ತರ: ಸಾಲದು ತಾಯೀ. ಡೆನ್ವರ್‌ನಲ್ಲಿ ಹಿಮದ ತಿಂಗಳು ಎಂದರೆ ಡಿಸೆಂಬರ್, ಜನವರಿಗಿಂತ ಮಾರ್ಚೇ ಮುಂದು. 2003ರ ಮಾರ್ಚ್‌ನಲ್ಲಿ ಒಂದೇ ಬಿರುಗಾಳಿಗೆ ಸುಮಾರು 32 ಅಂಗುಲ ಹಿಮ ಸುರಿಯಿತು. 2021ರ ಮಾರ್ಚ್‌ನಲ್ಲಿ 27 ಅಂಗುಲ. ಏಪ್ರಿಲ್‌ನಲ್ಲೂ ಬೀಳುತ್ತದೆ. ಕೆಲವು ವರ್ಷ ಮೇ ತಿಂಗಳಲ್ಲಿ, ಎಲೆ ಮೂಡಿದ ಮರಗಳ ಮೇಲೆ ಒದ್ದೆ ಹಿಮ ಕೂತು ಕೊಂಬೆಗಳು ಮುರಿಯುವುದೂ ಉಂಟು.

ನೀವು ಹಿರಿಯೂರಿನವರಾದ್ದರಿಂದ ಕಾರಣ ಹೇಳುವುದು ಸುಲಭ. ಪಶ್ಚಿಮ ಘಟ್ಟ ಮಳೆಯನ್ನೆಲ್ಲ ಮಲೆನಾಡಿನಲ್ಲೇ ಇಳಿಸಿಕೊಂಡು ನಿಮ್ಮ ಕಡೆಗೆ ಒಣಗಾಳಿ ಕಳಿಸುತ್ತದಲ್ಲ, ಇಲ್ಲಿ ಆ ಕೆಲಸ ರಾಕಿ ಪರ್ವತಗಳದ್ದು. ಶಾಂತಸಾಗರದ ತೇವವೆಲ್ಲ ಪರ್ವತದ ಆಚೆ ಬದಿಗೇ ಮುಗಿದುಹೋಗುತ್ತದೆ. ವರ್ಷಕ್ಕೆ ಮಳೆ, ಕರಗಿದ ಹಿಮ ಎರಡೂ ಸೇರಿ 370 ಮಿಲಿಮೀಟರ್ ಆಸುಪಾಸು. ನಿಮ್ಮ ಊರಿಗಿಂತ ಕಡಿಮೆ. ಆದರೆ ವಸಂತದಲ್ಲಿ ವಾಯುಭಾರ ಕುಸಿತ ನಮ್ಮ ಆಗ್ನೇಯಕ್ಕೆ ಬಂದು ಕೂತರೆ ಗಾಳಿ ಪೂರ್ವದಿಂದ ತಿರುಗಿ ಬೀಸುತ್ತದೆ. ಮೆಕ್ಸಿಕೋ ಕೊಲ್ಲಿಯ ತೇವ ಬಯಲು ಹತ್ತಿ ಬಂದು ಬೆಟ್ಟಕ್ಕೆ ಒರಗಿ ಇಲ್ಲೇ ಸುರಿಯುತ್ತದೆ. ಇಲ್ಲಿನವರು ಅದಕ್ಕೆ ‘ಅಪ್‌ಸ್ಲೋಪ್’ ಅನ್ನುತ್ತಾರೆ. ಟಿವಿಯಲ್ಲಿ ಆ ಮಾತು ಕೇಳಿದ ದಿನ ಹಾಲು, ಮೊಸರು, ತರಕಾರಿ ತರಿಸಿಟ್ಟುಬಿಡಿ.

ಹೆದರಬೇಕಾಗಿಲ್ಲ. ಮಾರ್ಚ್ ಹಿಮ ಬೇಗ ಕರಗುತ್ತದೆ. ಬಿಸಿಲು ಅಷ್ಟು ಚುರುಕು. ಕರಗದೆ ಉಳಿಯುವುದು ಮನೆಯ ಉತ್ತರ ಬದಿಯಲ್ಲಿ. ವಾಸ್ತು ನೋಡಿ ಹಟ ಹಿಡಿದು ಉತ್ತರದ ಬಾಗಿಲಿನ ಮನೆ ಕೊಂಡ ನಮ್ಮವರು ಇಲ್ಲಿ ಬೇಕಾದಷ್ಟಿದ್ದಾರೆ. ಎದುರುಮನೆಯವರ ಅಂಗಳ ಒಣಗಿ ವಾರವಾದರೂ ಇವರು ಮಂಜುಗಡ್ಡೆ ಕುಟ್ಟುತ್ತಿರುತ್ತಾರೆ. ಮಗಳ ಮನೆ ಯಾವ ದಿಕ್ಕಿಗೆ ಅಂತ ಮೊದಲು ಕೇಳಿಕೊಳ್ಳಿ. ಉತ್ತರ ಎಂದಾದರೆ ಯಜಮಾನರು ಚಪ್ಪಲಿ ಮೆಟ್ಟಿಕೊಂಡು ಮೆಟ್ಟಿಲಿಳಿಯುವುದು ಬೇಡವೇ ಬೇಡ, ಜಾರುತ್ತದೆ. ಅಡಿ ಒರಟಿರುವ ಬೂಟು ಇಲ್ಲೇ ಕೊಳ್ಳಿ.

ಇಲ್ಲಿ ತಿಂಗಳು ನೋಡಿ ಬಟ್ಟೆ ಹಾಕುವಂತಿಲ್ಲ, ಆ ದಿನದ ಮುನ್ಸೂಚನೆ ನೋಡಿಯೇ ಹಾಕಬೇಕು. 2020ರ ಸೆಪ್ಟೆಂಬರ್ 7ರಂದು 34 ಡಿಗ್ರಿ ಸೆಲ್ಸಿಯಸ್ ಸೆಕೆ, ಮರುದಿನ ಹಿಮ. 2022ರ ಡಿಸೆಂಬರ್ 21ರಂದು ಒಂದೇ ಗಂಟೆಯೊಳಗೆ 20 ಡಿಗ್ರಿ ಇಳಿಯಿತು. ಪಶ್ಚಿಮಕ್ಕೆ ಗೋಡೆಯಂತೆ ಬೆಟ್ಟವಿದೆ, ಸರಿ. ಉತ್ತರಕ್ಕೆ ಕೆನಡಾದವರೆಗೂ ಬಯಲು. ಅಲ್ಲಿನ ಶೀತಗಾಳಿಗೆ ಅಡ್ಡವೇ ಇಲ್ಲ. ತದ್ವಿರುದ್ಧವಾಗಿ, ನಡುಚಳಿಗಾಲದಲ್ಲಿ ಬೆಟ್ಟದಿಂದ ಇಳಿದು ಬರುವ ‘ಚಿನೂಕ್’ ಗಾಳಿ ಇಳಿಯುತ್ತ ಒತ್ತಡಕ್ಕೆ ಬಿಸಿಯಾಗಿ, ಜನವರಿಯಲ್ಲೂ ತೋಳಿಲ್ಲದ ಅಂಗಿ ಹಾಕಿಸುತ್ತದೆ. ಆದ್ದರಿಂದ ಒಂದು ದಪ್ಪ ಸ್ವೆಟರ್ ಬದಲು ತೆಳುವಾದ ಮೂರು ಪದರ ಇರಲಿ: ಒಳಗೆ ಥರ್ಮಲ್ ಎಂಬ ಬೆಚ್ಚನೆಯ ಒಳಉಡುಪು, ನಡುವೆ ಉಣ್ಣೆ, ಹೊರಗೆ ಗಾಳಿ ತಡೆಯುವ ಜಾಕೆಟ್. ಜಾಕೆಟ್ ಮಗಳದ್ದೇ ಆದೀತು, ಸೂಟ್‌ಕೇಸ್ ತುಂಬಿಸಬೇಡಿ. ಆ ಜಾಗದಲ್ಲಿ ಕೊಬ್ಬರಿ ಎಣ್ಣೆ ತನ್ನಿ. ಇಲ್ಲಿನ ಒಣಹವೆಗೆ ತುಟಿ, ಹಿಮ್ಮಡಿ ಎರಡೂ ಒಡೆಯುತ್ತವೆ, ಮೂಗಿನಲ್ಲಿ ರಕ್ತ ಬರುವುದೂ ಉಂಟು. ಬಾಣಂತಿಯ ಕೋಣೆಗೆ ಗಾಳಿಗೆ ತೇವ ಬೆರೆಸುವ ಹ್ಯೂಮಿಡಿಫೈಯರ್ ಇಡಿಸಿ.

ಇನ್ನೊಂದು ಮಾತು. ಊರು 1,609 ಮೀಟರ್, ಅಂದರೆ ಸರಿಯಾಗಿ ಒಂದು ಮೈಲಿ ಎತ್ತರದಲ್ಲಿದೆ. ಮೊದಲ ವಾರ ಏದುಸಿರು ಬರಬಹುದು. ನೀರು ಕುಡಿಯುತ್ತಿರಿ. ಬಿಪಿ, ಹೃದಯದ ಮಾತ್ರೆ ನುಂಗುವವರು ಹೊರಡುವ ಮುಂಚೆ ವೈದ್ಯರನ್ನು ಕೇಳಿ. ‘ಬನ್ನಿ, ಬೆಟ್ಟ ತೋರಿಸುತ್ತೇನೆ’ ಎಂದು ಅಳಿಯ ಎಷ್ಟೇ ಪ್ರೀತಿಯಿಂದ ಕರೆದರೂ 12,183 ಅಡಿ ಏರುವ ಟ್ರೇಲ್ ರಿಡ್ಜ್ ರಸ್ತೆಯನ್ನು ಜೂನ್‌ಗೆ ಇಟ್ಟುಕೊಳ್ಳಿ. ಹೇಗೂ ಅದು ತೆರೆಯುವುದೇ ಸಾಮಾನ್ಯವಾಗಿ ಮೇ ಕೊನೆಗೆ.

ಪ್ರಶ್ನೆ: ಡೆನ್ವರ್‌ನಲ್ಲಿ ತೊಗರಿಬೇಳೆ ಬೇಯುವುದೇ ಇಲ್ಲವಂತೆ, ನಿಜವೇ?
– ಓದುಗರು, ಶಿವಮೊಗ್ಗ

ಉತ್ತರ: ತೆರೆದ ಪಾತ್ರೆಯಲ್ಲಾದರೆ ತಾಳ್ಮೆ ಬೇಕು. ಗಾಳಿಯ ಒತ್ತಡ ಕಡಿಮೆಯಾದ್ದರಿಂದ ನೀರು 95 ಡಿಗ್ರಿಗೇ ಕುದಿಯುತ್ತದೆ. ಕುಕ್ಕರ್ ಇದ್ದರೆ ಚಿಂತೆಯಿಲ್ಲ, ಇನ್ನೊಂದು ಸೀಟಿ ಹೆಚ್ಚಿಗೆ ಕೂಗಿಸಿ.

ಪ್ರಶ್ನೆ: ಮಗ ಅಲ್ಲಿ ಹೊಸ ಕಾರು ಕೊಂಡಿದ್ದಾನೆ. ಆಲಿಕಲ್ಲಿನ ಭಯದಿಂದ ಬೇಸಿಗೆಯಲ್ಲಿ ಆಫೀಸಿಗೂ ಒಯ್ಯುವುದಿಲ್ಲ. ಅತಿಯಾಯಿತಲ್ಲವೇ?
– ಓದುಗರು, ಬೆಂಗಳೂರು

ಉತ್ತರ: ಸ್ವಲ್ಪ ಅತಿಯೇ. ಆದರೂ ಬೈಯಬೇಡಿ. 2017ರ ಮೇ 8ರ ಮಧ್ಯಾಹ್ನ ಪಶ್ಚಿಮ ಬಡಾವಣೆಗಳ ಮೇಲೆ ಬಿದ್ದ ಆಲಿಕಲ್ಲು 230 ಕೋಟಿ ಡಾಲರ್ ವಿಮೆ ನಷ್ಟ ಮಾಡಿತು. ಲೇಕ್‌ವುಡ್‌ನ ಕೊಲೊರಾಡೋ ಮಿಲ್ಸ್ ಎಂಬ ದೊಡ್ಡ ಮಾಲ್‌ನ ಚಾವಣಿ ತೂತುಬಿದ್ದು ತಿಂಗಳುಗಟ್ಟಲೆ ಮುಚ್ಚಿತ್ತು. ಎತ್ತರದ ನೆಲವಾದ್ದರಿಂದ ಕಲ್ಲು ಕರಗಲು ಹೆಚ್ಚು ದಾರಿ ಸಿಗುವುದಿಲ್ಲ, ಗಟ್ಟಿಯಾಗಿಯೇ ಬಂದು ಬಡಿಯುತ್ತದೆ. ಬೇಸಿಗೆಯಲ್ಲಿ ಗುಡುಗು ಸಾಮಾನ್ಯವಾಗಿ ಮಧ್ಯಾಹ್ನ ಊಟವಾದ ಮೇಲೆ ಬೆಟ್ಟದ ಮೇಲಿಂದ ಶುರು. ಬೆಳಗ್ಗೆ ಆಕಾಶ ನಿರ್ಮಲ. ಆಫೀಸಿನಲ್ಲಿ ಮುಚ್ಚಿದ ಪಾರ್ಕಿಂಗ್ ಇದ್ದರೆ ಧಾರಾಳವಾಗಿ ಒಯ್ಯಲಿ. ವಿಮೆಯಲ್ಲಿ ಆಲಿಕಲ್ಲು ಸೇರಿದೆಯೇ ಎಂದು ಮಾತ್ರ ನೋಡಿಕೊಳ್ಳಲಿ, ಬಹಳ ಹುಡುಗರು ಅದನ್ನೇ ಓದಿರುವುದಿಲ್ಲ.

ಪ್ರಶ್ನೆ: ಸೊಸೆಗೆ ಕರಿಬೇವಿನ ಗಿಡ ಬೆಳೆಸುವ ಆಸೆ. ಡೆನ್ವರ್‌ನಲ್ಲಿ ಆದೀತೇ?
– ಓದುಗರು, ಮೈಸೂರು

ಉತ್ತರ: ನೆಲದಲ್ಲಿ ಆಗದು, ಕುಂಡದಲ್ಲಿ ಆಗುತ್ತದೆ. ಮೇ ಎರಡನೇ ಭಾನುವಾರದ ತಾಯಂದಿರ ದಿನದವರೆಗೂ ಇಲ್ಲಿ ಯಾರೂ ಟೊಮೆಟೊ ಸಸಿಯನ್ನೂ ಹೊರಗೆ ನೆಡುವುದಿಲ್ಲ, ಮಂಜು ಸುಟ್ಟುಹಾಕುತ್ತದೆ. ಕರಿಬೇವಿನ ಕುಂಡವನ್ನು ಜೂನ್‌ನಲ್ಲಿ ಹೊರಗಿಟ್ಟು ಸೆಪ್ಟೆಂಬರ್ ಮಧ್ಯಕ್ಕೆ ಒಳಗೆ ತರಲಿ. ದಕ್ಷಿಣದ ಕಿಟಕಿ ಉತ್ತಮ. ನೀವು ಮಾತ್ರ ಬರುವಾಗ ಬ್ಯಾಗಿನಲ್ಲಿ ಸಸಿಯಾಗಲಿ ಹಸಿ ಎಲೆಯಾಗಲಿ ಇಟ್ಟುಕೊಳ್ಳಬೇಡಿ. ಹಸಿ ಕರಿಬೇವನ್ನು ಈ ದೇಶದೊಳಗೆ ತರುವುದು ನಿಷಿದ್ಧ, ವಿಮಾನ ನಿಲ್ದಾಣದಲ್ಲೇ ಕಿತ್ತುಕೊಳ್ಳುತ್ತಾರೆ.