ವಾರಕ್ಕೊಂದು ದೇಶ ಬೇಡ, ಹನ್ನೆರಡು ವಾರಕ್ಕೆ ಎರಡೇ ಸಾಕು

ನಾಲ್ಕೈದು ವರ್ಷ ಕೀಬೋರ್ಡ್, ವಯಲಿನ್ ಕಲಿತ ಮಕ್ಕಳಿಗೆ ಹನ್ನೆರಡು ವಾರದಲ್ಲಿ ಹನ್ನೆರಡು ದೇಶದ ಸಂಗೀತ ಪರಿಚಯಿಸಬೇಕು, ಪಟ್ಟಿ ಕೊಡಿ ಎಂದು ಕೇಳಿದ್ದೀರಿ. ಪಟ್ಟಿ ಕೊಡುವುದಿಲ್ಲ. ಇಂಥದ್ದೇ ಪಟ್ಟಿ ಹಿಡಿದು ನಾನೂ ಪಾಠ ಶುರು ಮಾಡಿದ್ದೆ. ಮೊದಲ ಪಾಠದಲ್ಲೇ ಮಾಡಿದ ಒಂದು ತಪ್ಪನ್ನು ಸರಿಪಡಿಸಲು ಎರಡು ತಿಂಗಳು ಹಿಡಿಯಿತು.

ಆ ಪಾಠ ಘಾನಾದ ಏವೆ ಜನರ ಗಂಟೆಯ ಲಯದ್ದು. ಗಂಕೋಗುಯಿ ಎಂಬ ಜೋಡಿ ಕಬ್ಬಿಣದ ಗಂಟೆಯನ್ನು ಕೋಲಿನಿಂದ ಬಾರಿಸುತ್ತಾರೆ. ಅದರ ತುಂಬಾ ಬಳಕೆಯ ಒಂದು ಮಾದರಿಯಲ್ಲಿ ಆವರ್ತಕ್ಕೆ 12 ಮಾತ್ರೆ, 7 ಪೆಟ್ಟು. ಪೆಟ್ಟುಗಳ ಅಂತರ 2-2-1-2-2-2-1. (ಶಂಕರಾಭರಣದ ಸ್ವರಗಳ ನಡುವೆ ಸ್ವರಸ್ಥಾನ ಎಣಿಸಿ ನೋಡಿ, ಇದೇ ಲೆಕ್ಕ ಬರುತ್ತದೆ. ಕಾಕತಾಳೀಯವೇ, ಆದರೆ ನೆನಪಿಟ್ಟುಕೊಳ್ಳಲು ಅನುಕೂಲ.) ಅಂದರೆ ಪೆಟ್ಟು ಬೀಳುವುದು 1, 3, 5, 6, 8, 10, 12ನೇ ಮಾತ್ರೆಗಳಲ್ಲಿ.

ನಾನು ಇದನ್ನು ಬೋರ್ಡಿನ ಮೇಲೆ ಬರೆದು ಚಪ್ಪಾಳೆ ಹಾಕಿಸಿದೆ. ಹತ್ತು ನಿಮಿಷದಲ್ಲಿ ಎಲ್ಲರಿಗೂ ಬಂತು. ಕೈಗೆ ಮಾತ್ರ ಬಂದಿತ್ತು. ಆ ಸಂಗೀತಕ್ಕೆ ಕುಣಿಯುವವರ ಹೆಜ್ಜೆ ಬೀಳುವುದು 1, 4, 7, 10ಕ್ಕೆ. ನಮ್ಮ ಮಾತಿನಲ್ಲಿ ಹೇಳುವುದಾದರೆ ತಿಶ್ರ ನಡೆಯಲ್ಲಿ (ಏಟಿಗೆ ಮೂರು ಮಾತ್ರೆ) ನಾಲ್ಕು ಏಟು. ಈ ನಾಲ್ಕರಲ್ಲಿ 4 ಮತ್ತು 7ರ ಮೇಲೆ ಗಂಟೆಯೇ ಇಲ್ಲ. ಹೆಜ್ಜೆ ಮೌನದ ಮೇಲೆ ಬೀಳಬೇಕು. ಕೈಯನ್ನು ಮೊದಲು ಕಲಿತವರ ಕಾಲು ಕೈಯನ್ನೇ ಹಿಂಬಾಲಿಸುತ್ತದೆ: 1, 3, 5 ಸಮ ಅಂತರದಲ್ಲಿರುವುದರಿಂದ ಕಾಲು ಎರಡೆರಡು ಮಾತ್ರೆಗೆ ಬೀಳತೊಡಗುತ್ತದೆ, 6ರ ಪೆಟ್ಟು ಬಂದಾಗ ತಡವರಿಸುತ್ತದೆ. ಎರಡೆರಡರ ನಡೆಯೂ ಆ ಸಂಗೀತದಲ್ಲಿ ಮೇಲಿನ ಪದರವಾಗಿ ಬರುವುದುಂಟು, ಆದರೆ ತಳಪಾಯ ಆ ನಾಲ್ಕು ಹೆಜ್ಜೆ. ತಳಪಾಯವಿಲ್ಲದೆ ಎರಡನೇ ವಾದ್ಯ ಸೇರಿಸಿದ ಕೂಡಲೇ ಎಲ್ಲ ಚೆಲ್ಲಾಪಿಲ್ಲಿಯಾಯಿತು. ಕಾಲಿಗೆ ಒಮ್ಮೆ ಅಂಟಿದ ತಪ್ಪು ಎಣಿಕೆ ಎಷ್ಟು ವಿವರಿಸಿದರೂ ಬಿಡುವುದಿಲ್ಲ.

ಆದ್ದರಿಂದ ಕ್ರಮ ತಲೆಕೆಳಗಾಗಬೇಕು. ಮೊದಲು ಎದ್ದು ನಿಲ್ಲಿಸಿ, ಬಲ ಎಡ ಬಲ ಎಡ ಹೆಜ್ಜೆ, ನಿಮಿಷಕ್ಕೆ 60. ಎರಡು ತರಗತಿ ಬರೀ ಹೆಜ್ಜೆ, ಹೆಜ್ಜೆಗೊಂದು ‘ತಕಿಟ’. ಕಾಲು ತಾನಾಗಿ ನಡೆಯತೊಡಗಿದ ಮೇಲೆ ಬಾಯಲ್ಲಿ ಗಂಟೆ: ತಕ ತಕ ತ ತಕ ತಕ ತಕ ತ. ಪ್ರತಿ ‘ತ’ ಒಂದು ಪೆಟ್ಟು, ‘ಕ’ ಖಾಲಿ ಮಾತ್ರೆ. ಎರಡನೇ ಹೆಜ್ಜೆ ಎರಡನೇ ‘ತಕ’ದ ‘ಕ’ದ ಮೇಲೆ ಬೀಳುತ್ತಿದೆಯೇ ನೋಡಿ, ‘ತ’ದ ಮೇಲೆ ಬಿದ್ದರೆ ಅಲ್ಲೇ ನಿಲ್ಲಿಸಿ ಮತ್ತೆ ಹೆಜ್ಜೆಯಿಂದ ಶುರು ಮಾಡಿ. ಚಪ್ಪಾಳೆ ಮೂರನೇ ವಾರಕ್ಕೆ. ಬರೆದು ತೋರಿಸುವುದು ಐದನೇ ವಾರಕ್ಕೆ, ಎಲ್ಲಕ್ಕಿಂತ ಕೊನೆಗೆ. ಕೇಳಿಸುವ ಧ್ವನಿಮುದ್ರಣ ಕೂಡ ಕುಣಿಯುವವರ ಪಾದ ಕಾಣುವ ವೀಡಿಯೊ ಆಗಿರಲಿ.

ಎರಡನೆಯ ಪರಂಪರೆ ಶ್ರುತಿಯನ್ನು ಪರೀಕ್ಷಿಸುವಂಥದ್ದಾಗಿರಬೇಕು. ಇಂಡೋನೇಷ್ಯಾದ ಗಾಂಗ್-ಲೋಹವಾದ್ಯಗಳ ಮೇಳವಾದ ಗಮೆಲಾನ್ ಎಲ್ಲರಿಗೂ ಮೊದಲು ಹೊಳೆಯುತ್ತದೆ, ಅದರ ಐದು ಸ್ವರಗಳ ಶ್ರುತಿಕ್ರಮ ಸ್ಲೆಂಡ್ರೊ. ಕೀಬೋರ್ಡಿನ ಕಪ್ಪು ಮನೆಗಳಲ್ಲಿ ನುಡಿಸಿ ‘ಇದೇ ಸ್ಲೆಂಡ್ರೊ’ ಅನ್ನುತ್ತಾರೆ. ಅಲ್ಲ. ಸ್ಲೆಂಡ್ರೊದ ಐದು ಅಂತರಗಳು ಹೆಚ್ಚುಕಡಿಮೆ ಸಮ, ಸುಮಾರು 240 ಸೆಂಟ್ (ಕೀಬೋರ್ಡಿನಲ್ಲಿ ಅಕ್ಕಪಕ್ಕದ ಎರಡು ಸ್ವರಸ್ಥಾನಗಳ ನಡುವೆ 100 ಸೆಂಟ್). ಕಪ್ಪು ಮನೆಗಳಲ್ಲಿ ಸಿಗುವುದು 200 ಮತ್ತು 300. ಅದಕ್ಕಿಂತ ಅರಬ್ ಮಕಾಮ್‌ಗಳಲ್ಲಿ (ನಮ್ಮ ರಾಗಗಳಂಥವು) ರಾಸ್ತ್ ಎಂಬುದನ್ನು ತೆಗೆದುಕೊಳ್ಳಿ. ಅದರ ಗಾಂಧಾರ ನಮ್ಮ ಸಾಧಾರಣ ಗಾಂಧಾರಕ್ಕೂ (ಕೆಳಗಿನ ಗ) ಅಂತರ ಗಾಂಧಾರಕ್ಕೂ (ಮೇಲಿನ ಗ) ಸುಮಾರು ನಡುವೆ ನಿಲ್ಲುತ್ತದೆ, ನಿಷಾದವೂ ಹಾಗೆಯೇ ಕೈಶಿಕಿ (ಕೆಳಗಿನ ನಿ), ಕಾಕಲಿ (ಮೇಲಿನ ನಿ) ಇವುಗಳ ನಡುವೆ. ಸ್ವರಗಳನ್ನು ಒಂದೊಂದಾಗಿ ಶ್ರುತಿ ಮಾಡುವ ಸೌಲಭ್ಯ ಕೀಬೋರ್ಡಿನಲ್ಲಿದ್ದರೆ, ಸಿ ಮನೆ ಷಡ್ಜವಾದಾಗ ಇ ಮತ್ತು ಬಿ ಮನೆಗಳನ್ನು 50 ಸೆಂಟ್ ಇಳಿಸಿ. ವಯಲಿನ್‌ನವರು ಸ-ಪ ಶ್ರುತಿ ಹಿಡಿದು ಸಾಧಾರಣ ಗಾಂಧಾರದಿಂದ ಬೆರಳನ್ನು ನಿಧಾನಕ್ಕೆ ಜಾರಿಸಿ ನಡುವೆ ನಿಲ್ಲಿಸಲಿ.

ಇಲ್ಲಿ ಎರಡು ಎಡವಟ್ಟು ಖಂಡಿತ ಆಗುತ್ತವೆ. ಕರ್ನಾಟಕ ಸಂಗೀತ ಕಲಿತವರು ಆ ಗಾಂಧಾರವನ್ನು ಅಲುಗಾಡಿಸಿ ನುಡಿಸುತ್ತಾರೆ. ನಿಶ್ಚಲವಾಗಿ ನಾಲ್ಕು ಎಣಿಕೆ ಹಿಡಿಯಲು ಹೇಳಿ. ಇನ್ನು ಮಧ್ಯಮದಿಂದ ಇಳಿದು ಬರುವಾಗ ಬೆರಳು ಅಂತರ ಗಾಂಧಾರಕ್ಕೇ ಹೋಗುತ್ತದೆ, ಅದಕ್ಕೆ ಮ-ಗ-ರಿ ಒಂದನ್ನೇ ಇಪ್ಪತ್ತು ಸಲ. 50 ಸೆಂಟ್ ಅನ್ನುವುದು ಆರಂಭಕ್ಕೆ ಮಾತ್ರ. ತುರ್ಕಿಯ ರಾಸ್ತ್‌ನಲ್ಲಿ ಅದೇ ಗಾಂಧಾರ ಇನ್ನೂ ಮೇಲಿದೆ. ಸಪ್ತಕವನ್ನು 24 ಸಮಭಾಗ ಮಾಡಿದರೆ ಸರಿಹೋಗುತ್ತದೆಯೇ ಎಂದು 1932ರ ಕೈರೋ ಅರಬ್ ಸಂಗೀತ ಸಮ್ಮೇಳನದಲ್ಲೇ ವಾದ ನಡೆದು ಒಮ್ಮತಕ್ಕೆ ಬರಲಿಲ್ಲ.

ಮಕ್ಕಳ ಸ್ವಂತ ಹುಡುಕಾಟಕ್ಕೆ ಕೊನೆಯ ಮೂರು ವಾರ ಬಿಡಿ, ಆದರೆ ‘ನಿನಗಿಷ್ಟವಾದದ್ದು ತಗೊಂಡು ಬಾ’ ಅನ್ನಬೇಡಿ. ಹಾಗಂದರೆ ಸಿನಿಮಾ ಫ್ಯೂಷನ್ನೇ ಬರುತ್ತದೆ. ತಾಳವೋ ಶ್ರುತಿಯೋ ಒಂದನ್ನು ಮುಂದಿಟ್ಟುಕೊಂಡು, ಒಂದೇ ವಾದ್ಯ ಅಥವಾ ಒಂದೇ ಕಂಠದ 30 ಸೆಕೆಂಡಿನ ತುಣುಕು ಆರಿಸಲಿ. ಮೊದಲ ವಾರ ವಾದ್ಯ ಮುಟ್ಟದೆ ಹಾಡಲಿ, ವೇಗ ಮುಕ್ಕಾಲಿಗೆ ಇಳಿಸಿಕೊಂಡು. ಎರಡನೇ ವಾರ ನುಡಿಸಲಿ. ಮೂರನೇ ವಾರ ಅದರಲ್ಲಿ ಕಂಡ ಒಂದೇ ಒಂದು ನಿಯಮ ಹಿಡಿದು ತನ್ನದೇ ಎಂಟು ಮಾತ್ರೆ ಕಟ್ಟಲಿ. ಗಮೆಲಾನ್ ಆರಿಸಿದವನಾದರೆ, ದೊಡ್ಡ ಗಾಂಗ್ ಆವರ್ತದ ಕೊನೆಯ ಎಣಿಕೆಯ ಮೇಲೆ ಬೀಳುತ್ತದೆ, ಭಾರವೆಲ್ಲ ಎಂಟನೆಯದರ ಮೇಲೆ ಎಂಬುದು ಅಂಥ ಒಂದು ನಿಯಮ. ಅವನು ತನ್ನ ಎಂಟು ಮಾತ್ರೆ ನುಡಿಸುವಾಗ ಉಳಿದವರು ಕಣ್ಣು ಮುಚ್ಚಿ ಹೆಜ್ಜೆ ಹಾಕಲಿ. ಭಾರ ಒಂದರ ಮೇಲೆ ಬಿದ್ದರೆ ಅವರ ಕಾಲಿಗೇ ಗೊತ್ತಾಗುತ್ತದೆ.